ಕರಗದ ಕಬ್ಬಿಣದೊಳಗೆ ಇಂಗಾಲ ಇಳಿಯುವುದು ಹೇಗೆ?

ಬದಿಯಡ್ಕದ ಪ್ಲಸ್ ಟು ವಿದ್ಯಾರ್ಥಿ:
ಘನವಸ್ತುವಿನ ಪರಮಾಣುಗಳು ತಮ್ಮ ತಮ್ಮ ಸ್ಥಾನದಲ್ಲಿಯೇ ಕಂಪಿಸುತ್ತವೆ ಎಂದು ಪಾಠದಲ್ಲಿ ಓದಿದ್ದೇನೆ. ಆದರೆ ಮೆದು ಕಬ್ಬಿಣವನ್ನು ಇದ್ದಿಲ ಪುಡಿಯಲ್ಲಿ ಹುದುಗಿಸಿ, ಗಾಳಿಯಾಡದಂತೆ ಮುಚ್ಚಿ ಬಹಳ ಹೊತ್ತು ಕೆಂಪಗೆ ಕಾಯಿಸಿದರೆ ಅದರ ಮೈ ಉಕ್ಕಾಗುತ್ತದೆ ಎಂದು ನಮ್ಮೂರ ಕುಲುಮೆಯ ಆಚಾರಿಯವರು ಹೇಳುತ್ತಾರೆ. ಪರಮಾಣುಗಳು ಒತ್ತೊತ್ತಾಗಿ ಕುಳಿತಿರುವಾಗ ಇಂಗಾಲಕ್ಕೆ ದಾರಿ ಎಲ್ಲಿಯದು?

ಕುಂಬಳೆಯ ನಿವೃತ್ತ ಅಧ್ಯಾಪಕ:
ಸಂಜೆ ಕಾಸರಗೋಡಿನಿಂದ ಮಂಗಳೂರಿಗೆ ಹೊರಡುವ ಬಸ್ಸನ್ನು ನೆನಪಿಸಿಕೊಳ್ಳಿ. ಎಷ್ಟೇ ನೂಕುನುಗ್ಗಲಿದ್ದರೂ ಕಂಡಕ್ಟರ್ ಜನರ ನಡುವೆ ನುಸುಳಿ ಹಿಂದಿನ ಸೀಟಿನವರೆಗೂ ಹೋಗುತ್ತಾರೆ. ಇಂಗಾಲದ ಪರಮಾಣು ಚಿಕ್ಕದಾದ್ದರಿಂದ ಕಬ್ಬಿಣದ ಪರಮಾಣುಗಳ ನಡುವಿನ ಸಂದುಗಳಲ್ಲಿ ಹೀಗೆಯೇ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಪರಮಾಣು ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಕೋಟಿ ಸಲ ಕಂಪಿಸಿದರೂ ಅಡ್ಡಲಾಗಿರುವ ನೆರೆಯವರನ್ನು ಸರಿಸಿ ದಾಟುವಷ್ಟು ಶಕ್ತಿ ಕೂಡಿಬರುವುದು ಅಪರೂಪ; ಕಾವು ಏರಿದಂತೆ ಆ ಅವಕಾಶ ಬಹಳ ಬೇಗ ಹೆಚ್ಚುತ್ತದೆ. 912 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಶುದ್ಧ ಕಬ್ಬಿಣದ ಜೋಡಣೆಯೇ ಬದಲಾಗುತ್ತದೆ. ಹೊಸ ಜೋಡಣೆ ಮೊದಲಿಗಿಂತ ಒತ್ತಾಗಿದ್ದರೂ ಅದರ ದೊಡ್ಡ ಸಂದುಗಳು ಮೊದಲಿನವಕ್ಕಿಂತ ವಿಶಾಲವಾಗಿರುವುದು ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ವಿಚಿತ್ರ. ಹಳೆಯ ಜೋಡಣೆಯಲ್ಲಿ ಹೆಚ್ಚೆಂದರೆ ಶೇಕಡಾ 0.02ರಷ್ಟು ಇಂಗಾಲ ಹಿಡಿದರೆ, ಇದರಲ್ಲಿ ಶೇಕಡಾ 2ರವರೆಗೂ ಹಿಡಿಯುತ್ತದೆ. ಆದರೂ ಆ ಕಾವಿನಲ್ಲಿ ಒಂದು ಗಂಟೆಗೆ ಇಂಗಾಲ ಸಾಗುವುದು ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗ ಮಾತ್ರ, ಮತ್ತು ಎರಡರಷ್ಟು ಆಳ ಬೇಕಾದರೆ ನಾಲ್ಕರಷ್ಟು ಹೊತ್ತು ಕಾಯಬೇಕು. ಆಚಾರಿಯವರ ‘ಬಹಳ ಹೊತ್ತು’ ಇದೇ.

ಪೆರ್ಲದ ಲೋಹವಿಜ್ಞಾನ ವಿದ್ಯಾರ್ಥಿನಿ:
ಮಾಸ್ತರರ ಬಸ್ಸನ್ನೇ ಮುಂದುವರಿಸುತ್ತೇನೆ. ತಾಮ್ರದಲ್ಲಿರುವ ಸತು ಕಂಡಕ್ಟರನಲ್ಲ, ಸೀಟಿನಲ್ಲಿ ಕುಳಿತ ಪ್ರಯಾಣಿಕ. ಪಕ್ಕದ ಸೀಟು ಖಾಲಿಯಾದರೆ ಮಾತ್ರ ಅದು ಸರಿಯಬಲ್ಲದು. ಆದರೆ ಬಸ್ಸಿನಂತಲ್ಲದೆ, ಸ್ಫಟಿಕದಲ್ಲಿ ಕಾವೇರಿದಂತೆ ಖಾಲಿ ಸ್ಥಾನಗಳ ಸಂಖ್ಯೆಯೂ ಏರುತ್ತದೆ: 1085 ಡಿಗ್ರಿಯಲ್ಲಿ ಕರಗುವ ತಾಮ್ರದಲ್ಲಿ, ಕರಗುವ ಹಂತಕ್ಕೆ ಬರುವಾಗ, ಸುಮಾರು ಹತ್ತು ಸಾವಿರ ಸ್ಥಾನಗಳಿಗೆ ಒಂದು ಖಾಲಿ ಇರುತ್ತದೆ. ನೆರೆಹೊರೆಯ ಪರಮಾಣುಗಳು ನೇರವಾಗಿ ಜಾಗ ಅದಲುಬದಲು ಮಾಡಿಕೊಳ್ಳುತ್ತವೆ ಎಂದು ಬಹುಕಾಲ ನಂಬಲಾಗಿತ್ತು. 1947ರಲ್ಲಿ ಸ್ಮಿಗೆಲ್ಸ್ಕಾಸ್ ಮತ್ತು ಕಿರ್ಕೆಂಡಾಲ್ ತಾಮ್ರ ಮತ್ತು ಸತು ಬೆರೆತ ಹಿತ್ತಾಳೆಯ ತುಂಡಿನ ಎರಡು ಬದಿಗೂ ಮಾಲಿಬ್ಡಿನಂ ತಂತಿಗಳನ್ನಿಟ್ಟು, ಮೇಲೆ ತಾಮ್ರ ಲೇಪಿಸಿ, 785 ಡಿಗ್ರಿಯಲ್ಲಿ ವಾರಗಟ್ಟಲೆ ಕಾಯಿಸಿದರು. ಅದಲುಬದಲು ನಿಜವಾಗಿದ್ದರೆ ತಂತಿಗಳು ಇದ್ದಲ್ಲೇ ಇರಬೇಕಿತ್ತು. ಅವು ಪರಸ್ಪರ ಹತ್ತಿರವಾದವು. ತಾಮ್ರ ಒಳಬರುವುದಕ್ಕಿಂತ ಬೇಗ ಸತು ಹೊರಹೋಗಿತ್ತು.

ಬದಿಯಡ್ಕದ ಪ್ಲಸ್ ಟು ವಿದ್ಯಾರ್ಥಿ:
ಅಕ್ಕ, ಮಾಸ್ತರರೇ, ಇಬ್ಬರಿಗೂ ಧನ್ಯವಾದ. ಕಬ್ಬಿಣದೊಳಗೆ ಇಂಗಾಲ ಇಳಿದ ಮೇಲೂ ಕಾದ ಕತ್ತಿಯನ್ನು ಆಚಾರಿಯವರು ನೀರಿಗೆ ಅದ್ದುವುದೇಕೆ?

ಕುಂಬಳೆಯ ನಿವೃತ್ತ ಅಧ್ಯಾಪಕ:
ನಿಧಾನವಾಗಿ ಆರಿದರೆ ಕಬ್ಬಿಣ ಹಳೆಯ ಜೋಡಣೆಗೆ ಮರಳುವಾಗ ಇಂಗಾಲಕ್ಕೆ ಸಂದುಗಳಿಂದ ಹೊರಬಂದು ಬೇರೆಡೆ ಗುಂಪುಗೂಡಲು ಸಮಯ ಸಿಗುತ್ತದೆ. ನೀರಿಗೆ ಅದ್ದಿದಾಗ ಆ ಸಮಯ ಸಿಗದೆ, ಹಿಡಿಸದ ಜಾಗದಲ್ಲಿಯೇ ಸಿಕ್ಕಿಕೊಂಡ ಇಂಗಾಲ ಇಡೀ ಜೋಡಣೆಯನ್ನು ಸೊಟ್ಟಗಾಗಿಸುತ್ತದೆ. ಬಾಯಿಯ ಗಡಸುತನ ಬರುವುದು ಅದರಿಂದ.