ಆಂಡ್ರೂ ಹಕ್ಸ್‌ಲಿಯವರ ಸ್ನಾಯು ಸಂಶೋಧನೆ: ಸೈಟೇಶನ್ ಲೆಕ್ಕ ಹಾಕುವುದು ಹೇಗೆ?

ಜೀವಕಣ:
ಬಿಎಸ್ಸಿ ವಿದ್ಯಾರ್ಥಿಗಳಿಗಾಗಿ ಆಂಡ್ರೂ ಹಕ್ಸ್‌ಲಿ (1917–2012) ಅವರ ಸ್ನಾಯು ಸಂಶೋಧನೆ ಕುರಿತು ಕನ್ನಡದಲ್ಲಿ ಲೇಖನ ಬರೆಯುತ್ತಿದ್ದೇನೆ. ಅವರ ಪ್ರಭಾವ ತೋರಿಸಲು ಸೈಟೇಶನ್ ಅಂಕಿ (ಬೇರೆ ಪೇಪರ್‌ಗಳು ಅವರದನ್ನು ಎಷ್ಟು ಬಾರಿ ಉಲ್ಲೇಖಿಸಿವೆ ಎಂಬ ಎಣಿಕೆ) ಬೇಕು. ಹೆಸರು ಹಾಕಿ ಹುಡುಕಿದರೆ ನರದ ಪೇಪರ್‌ಗಳೇ ಮೇಲೆ ಬರುತ್ತವೆ. ಇನ್ನೊಬ್ಬ ಸ್ನಾಯು ಸಂಶೋಧಕ ಹ್ಯೂ ಹಕ್ಸ್‌ಲಿಯವರ ಪೇಪರ್‌ಗಳೂ ಅದರಲ್ಲೇ ಕಲಸಿಕೊಂಡಿವೆ. ಬೇರ್ಪಡಿಸುವುದು ಹೇಗೆ? ಎಚ್-ಇಂಡೆಕ್ಸ್ (ತಲಾ ಕನಿಷ್ಠ h ಉಲ್ಲೇಖ ಪಡೆದ h ಪೇಪರ್‌ಗಳಿದ್ದರೆ, ಆ h) ಕೊಟ್ಟರೆ ಸಾಕಾ?

ಸೂಚಿಪತ್ರ:
ಹೆಸರಿನಿಂದ ಹುಡುಕುವುದನ್ನು ಬಿಟ್ಟು ಒಂದೊಂದೇ ಪೇಪರ್ ಹಿಡಿದು ಹುಡುಕಿ.

ಎ. ಎಫ್. (ಆಂಡ್ರೂ) ಹಕ್ಸ್‌ಲಿ, ಎಚ್. ಇ. (ಹ್ಯೂ) ಹಕ್ಸ್‌ಲಿ ಸಂಬಂಧಿಕರಲ್ಲ, ಆದರೆ ಕ್ಷೇತ್ರ ಒಂದೇ. 1954ರ ಮೇ 22ರ ನೇಚರ್ ಸಂಚಿಕೆಯಲ್ಲಿ (ಸಂಪುಟ 173) ಇಬ್ಬರ ಪೇಪರ್‌ಗಳೂ ಒಂದರ ಹಿಂದೊಂದು ಅಚ್ಚಾಗಿವೆ. ಆಂಡ್ರೂ ಅವರದು 971ರಿಂದ 973, ಹ್ಯೂ ಅವರದು 973ರಿಂದ 976. ಪುಟ 973 ಎರಡಕ್ಕೂ ಸೇರಿದ್ದು, ಹಾಗಾಗಿ ಪುಟಸಂಖ್ಯೆಯೊಂದನ್ನೇ ನಂಬಿದರೆ ಉಲ್ಲೇಖ ಅದಲುಬದಲಾಗುತ್ತದೆ. ಸಹಲೇಖಕರನ್ನು ನೋಡಿ: ರೋಲ್ಫ್ ನೀಡರ್‌ಗೆರ್ಕೆ ಇದ್ದರೆ ಆಂಡ್ರೂ, ಜೀನ್ ಹ್ಯಾನ್ಸನ್ ಇದ್ದರೆ ಹ್ಯೂ.

1966ರ ಪೇಪರ್‌ನ ತೊಡಕು ಬೇರೆ. ಲೇಖಕರು ಗಾರ್ಡನ್, ಹಕ್ಸ್‌ಲಿ, ಜೂಲಿಯನ್. ವೆಬ್ ಆಫ್ ಸೈನ್ಸ್ ಎಂಬ ಸೈಟೇಶನ್ ಡೇಟಾಬೇಸ್‌ನ ಸೈಟೆಡ್ ರೆಫರೆನ್ಸ್ ಹುಡುಕಾಟದಲ್ಲಿ ಮೂಲ ದಾಖಲೆಗೆ ಜೋಡಣೆಯಾಗದ ಉಲ್ಲೇಖಗಳು ಮೊದಲ ಲೇಖಕರ ಹೆಸರಲ್ಲೇ ಉಳಿಯುತ್ತವೆ, ಅಂದರೆ ಗಾರ್ಡನ್ ಎಂದೇ ಹುಡುಕಬೇಕು. ಜರ್ನಲ್ ಆಫ್ ಫಿಸಿಯಾಲಜಿಯ ಅದೇ ಸಂಪುಟ 184ರಲ್ಲಿ ಈ ಮೂವರದೇ ಎರಡು ಪೇಪರ್ ಇವೆ, ಒಂದು 143ನೇ ಪುಟದಿಂದ, ಇನ್ನೊಂದು 170ರಿಂದ. ಎಲ್ಲರೂ ಬಳಸುವ ರೇಖೆ (ಉದ್ದಕ್ಕೆ ತಕ್ಕಂತೆ ಸ್ನಾಯುವಿನ ಬಲ ಹೇಗೆ ಬದಲಾಗುತ್ತದೆಂದು ತೋರಿಸುವುದು) ಇರುವುದು ಎರಡನೆಯದರಲ್ಲಿ.

1957ರ ದೀರ್ಘ ಪೇಪರ್ ಬಂದ ವಾರ್ಷಿಕ ಸಂಪುಟದ ಹೆಸರು ಮುಂದೆ ಬದಲಾಯಿತು. ಆದ್ದರಿಂದ ಅದರ ಉಲ್ಲೇಖಗಳು ನಾನಾ ರೂಪದಲ್ಲಿ ಚದುರಿವೆ. ಸಂಪುಟ 7, ಪುಟ 255 ಎಂದಿರುವ ಸಾಲುಗಳನ್ನೆಲ್ಲ ಗುರುತು ಹಾಕಿ ಕೂಡಿಸಿ.

ಇನ್ನೊಂದು ಡೇಟಾಬೇಸ್ ಸ್ಕೋಪಸ್‌ನ ಅಂಕಿ ಬಳಸುವುದಾದರೆ ಎಚ್ಚರ. 1970ಕ್ಕಿಂತ ಹಿಂದಿನ ಪೇಪರ್‌ಗಳ ಉಲ್ಲೇಖಪಟ್ಟಿ ಅದರಲ್ಲಿ ಬಹುಮಟ್ಟಿಗೆ ಇಲ್ಲ. ಸಂಕೋಚನದಲ್ಲಿ ದಪ್ಪ, ತೆಳು ತಂತುಗಳು ಒಂದರ ಪಕ್ಕ ಒಂದು ಜಾರುತ್ತವೆ ಎನ್ನುವ ತಂತು ಜಾರುವಿಕೆ (ಸ್ಲೈಡಿಂಗ್ ಫಿಲಮೆಂಟ್) ಸಿದ್ಧಾಂತದ ಬಗ್ಗೆ ಬಿಸಿಬಿಸಿ ವಾದ ನಡೆದ ವರ್ಷಗಳೇ ಲೆಕ್ಕಕ್ಕೆ ಸಿಗುವುದಿಲ್ಲ. ಯಾವ ಅಂಕಿ ಕೊಟ್ಟರೂ ಪಕ್ಕದಲ್ಲಿ ಡೇಟಾಬೇಸ್ ಹೆಸರು, ನೋಡಿದ ದಿನಾಂಕ ಹಾಕಿ.

ತಂತುವಾದಿ:
ನರದ ಕೆಲಸಕ್ಕೆ ಪ್ರತ್ಯೇಕ ಸಾಲು ಕೊಡಿ. ಹಾಜ್‌ಕಿನ್ ಜೊತೆಗಿನ 1952ರ ಪೇಪರ್, 1963ರ ನೊಬೆಲ್ ಎರಡೂ ಅದಕ್ಕೇ ಸೇರಿದವು.

ಸ್ನಾಯುವಿಗೆ ಐದು ಪೇಪರ್ ಸಾಕು. 1954ರಲ್ಲಿ ತಾವೇ ರೂಪಿಸಿದ ಇಂಟರ್‌ಫೆರೆನ್ಸ್ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಜೀವಂತ ಸ್ನಾಯುನಾರು ನೋಡಿ, ಸಂಕೋಚನದಲ್ಲಿ ಐ-ಪಟ್ಟಿ (ತೆಳು ತಂತು ಮಾತ್ರ ಇರುವ ಭಾಗ) ಕಿರಿದಾಗುತ್ತದೆ, ಎ-ಪಟ್ಟಿ (ದಪ್ಪ ತಂತು ಇರುವ ಭಾಗ) ಹಾಗೆಯೇ ಇರುತ್ತದೆ ಎಂದು ತೋರಿಸಿದರು. 1957ರಲ್ಲಿ ದಪ್ಪ ತಂತುವಿನಿಂದ ತೆಳು ತಂತುವಿಗೆ ಚಾಚುವ ಅಡ್ಡಸೇತುವೆ ಅಂಟಿಕೊಳ್ಳುವ, ಬಿಡುವ ವೇಗಗಳನ್ನು ಗಣಿತಕ್ಕಿಳಿಸಿ, ಎ. ವಿ. ಹಿಲ್ 1938ರಲ್ಲಿ ಅಳೆದಿದ್ದ ಬಲ–ವೇಗ ಸಂಬಂಧವನ್ನು ಅದರಿಂದ ಪಡೆದರು. 1958ರದು ಟೇಲರ್ ಜೊತೆಗಿನ ಪ್ರಯೋಗ: ಕಪ್ಪೆಯ ಸ್ನಾಯುನಾರಿನ ಮೇಲ್ಮೈಗೆ ಸೂಕ್ಷ್ಮ ಪಿಪೆಟ್ ಒತ್ತಿ ವಿದ್ಯುತ್ ಕೊಟ್ಟರೆ ಐ-ಪಟ್ಟಿಯ ನಡುವಿನ ಝಡ್-ರೇಖೆಯ ಮೇಲಿನ ಕೆಲವೇ ಬಿಂದುಗಳಲ್ಲಿ ಸೆಳೆತ ಬಂತು, ಅದೂ ಪಕ್ಕದ ಎರಡು ಅರ್ಧ ಐ-ಪಟ್ಟಿಗಳಲ್ಲಿ ಮಾತ್ರ. 1971ರಲ್ಲಿ ಸಿಮನ್ಸ್ ಜೊತೆ ಬಲ ಹುಟ್ಟುವ ಹಂತಗಳ ಮಾದರಿ.

ನಿಮ್ಮ ಲೇಖನದಲ್ಲಿ ಹೆಚ್ಚು ಜಾಗ 1966ಕ್ಕೆ ಕೊಡಿ. ಸ್ನಾಯುನಾರಿನ ತುದಿಗಳಲ್ಲಿ ಸಾರ್ಕೊಮಿಯರ್ (ಎರಡು ಝಡ್-ರೇಖೆಗಳ ನಡುವಿನ ಘಟಕ) ಗಿಡ್ಡ. ಎಳೆದು ಹಿಡಿದ ನಾರನ್ನು ಉದ್ದೀಪಿಸಿದರೆ ತುದಿಗಳು ಕುಗ್ಗಿ ನಡುಭಾಗವನ್ನು ಹಿಗ್ಗಿಸುತ್ತವೆ, ಬಲ ನಿಧಾನವಾಗಿ ಏರುತ್ತಲೇ ಹೋಗುತ್ತದೆ. ಅದನ್ನು ಹಾಗೇ ಅಳೆದರೆ ತಪ್ಪು ರೇಖೆ ಬರುತ್ತದೆ. ಇವರು ನಡುಭಾಗಕ್ಕೆ ಎರಡು ಗುರುತು ಅಂಟಿಸಿ, ಅವುಗಳ ನಡುವಿನ ದೂರ ಬದಲಾಗದಂತೆ ಯಂತ್ರದಿಂದ ಹಿಡಿದಿಟ್ಟರು. ಆಗ ಸಿಕ್ಕಿದ್ದು: ಸಾರ್ಕೊಮಿಯರ್ ಉದ್ದ 2.0ರಿಂದ 2.25 ಮೈಕ್ರೊಮೀಟರ್‌ವರೆಗೆ ಬಲ ಸಮತಟ್ಟು, 3.65ರ ಹೊತ್ತಿಗೆ ಸೊನ್ನೆ. ದಪ್ಪ ತಂತು 1.6, ಎರಡು ತೆಳು ತಂತು ತಲಾ 1.0, ಝಡ್-ರೇಖೆ 0.05, ಕೂಡಿದರೆ ಅದೇ 3.65. ವಿದ್ಯಾರ್ಥಿಗಳು ಈ ಲೆಕ್ಕವನ್ನು ಬೋರ್ಡಿನ ಮೇಲೆ ತಾವೇ ಮಾಡಲಿ.

ಜೀವಕಣ:
ತುಂಬಾ ಉಪಯೋಗವಾಯಿತು. ಮನುಷ್ಯರ ಸ್ನಾಯುವಿಗೂ 3.65 ಎಂದೇ ಬರೆಯಬಹುದಾ?

ತಂತುವಾದಿ:
ಬೇಡ. ಮನುಷ್ಯರ ತೆಳು ತಂತು ಉದ್ದ, ಸುಮಾರು 1.27 ಮೈಕ್ರೊಮೀಟರ್. ಸಮತಟ್ಟು 2.6–2.8ಕ್ಕೆ ಸರಿಯುತ್ತದೆ, ಸೊನ್ನೆ ಸುಮಾರು 4.2ಕ್ಕೆ. ಕಪ್ಪೆಯ ರೇಖೆಯನ್ನು ಹಾಗೇ ಮನುಷ್ಯರ ಕಾಲಿನ ಮಾದರಿಗೆ ಹಾಕಿದರೆ, ಇನ್ನೂ ಪೂರ್ಣ ಬಲ ಕೊಡುವ ಉದ್ದದಲ್ಲೇ ಸ್ನಾಯು ದುರ್ಬಲವಾದಂತೆ ಕಾಣುತ್ತದೆ.

ಸೂಚಿಪತ್ರ:
ಸೈಟೇಶನ್ ಲೆಕ್ಕಕ್ಕೂ ಇದು ಮುಖ್ಯ, ಯಾಕೆಂದರೆ ಅಂಥ ತಪ್ಪು ಬಳಕೆಯೂ ಎಣಿಕೆಗೆ ಸೇರುತ್ತದೆ.

ಎಚ್-ಇಂಡೆಕ್ಸ್ ಇಲ್ಲಿ ಹೊಂದುವುದಿಲ್ಲ. 2005ರಲ್ಲಿ ಹಿರ್ಶ್ ಕೊಟ್ಟ ಈ ಅಳತೆ ಪೇಪರ್‌ಗಳ ಸಂಖ್ಯೆಯನ್ನು ಎಂದಿಗೂ ಮೀರಲಾರದು. ಐದೇ ಪೇಪರ್‌ಗೆ ತಲಾ ಸಾವಿರ ಉಲ್ಲೇಖ ಬಂದರೂ ಅದು ಐದೇ. ಇನ್ನೊಂದು ಸೋರಿಕೆಯೂ ಇದೆ: ತಂತು ಜಾರುವಿಕೆ ಪಠ್ಯಪುಸ್ತಕ ಸೇರಿದ ಮೇಲೆ ಮೂಲ ಪೇಪರ್ ಉಲ್ಲೇಖಿಸದೆಯೇ ಎಲ್ಲರೂ ಬಳಸುತ್ತಾರೆ. ಹತ್ತು ವರ್ಷಕ್ಕೊಂದು ಗುಂಪು ಮಾಡಿ, ಶೀರ್ಷಿಕೆ ಅಥವಾ ಸಾರಾಂಶದಲ್ಲಿ ‘ಸ್ಲೈಡಿಂಗ್ ಫಿಲಮೆಂಟ್’ ಎಂದಿರುವ ಪೇಪರ್‌ಗಳಲ್ಲಿ ಎಷ್ಟು 1954ರದನ್ನು ಉಲ್ಲೇಖಿಸಿವೆ ನೋಡಿ. ಆಮೇಲೆ 1966ರದನ್ನು ಉಲ್ಲೇಖಿಸಿದವುಗಳಲ್ಲಿ ಮೂವತ್ತನ್ನು ಚೀಟಿ ಎತ್ತಿದಂತೆ ಆರಿಸಿ ಓದಿ: ರೇಖೆಯನ್ನು ಸುಮ್ಮನೆ ಬಳಸಿದವು, ಪರೀಕ್ಷಿಸಿದವು, ತಿದ್ದಿದವು ಎಂದು ವಿಂಗಡಿಸಿ. ಅದು ಲೇಖನದ ಕೋಷ್ಟಕವಾಗಲಿ.