ಸಹಾಯ ಬೇಕು: ಆರ್ಬಿಟ್ರೇಷನ್ ಷರತ್ತಿದ್ದರೂ ಸಿವಿಲ್ ದಾವೆ ಹೂಡಿದ್ದಾರೆ

ಎಲ್ಲರಿಗೂ ನಮಸ್ಕಾರ. ನಮ್ಮ ಸಣ್ಣ ಪಾಲುದಾರಿಕೆ ಸಂಸ್ಥೆಗೆ ಆರು ವರ್ಷ ಸರಕು ಪೂರೈಸಿದವರೇ ಈಗ ನಮ್ಮ ಮೇಲೆ ಹಣ ವಸೂಲಿಯ ದಾವೆ ಹೂಡಿದ್ದಾರೆ. ಒಪ್ಪಂದದ ಕೊನೆಯ ಪುಟದಲ್ಲಿ, ಎರಡೂ ಸಹಿಗಳ ಮೇಲ್ಗಡೆಯೇ, ಯಾವ ವಿವಾದವಿದ್ದರೂ ಆರ್ಬಿಟ್ರೇಷನ್ (ನ್ಯಾಯಾಲಯದ ಬದಲು ಮಧ್ಯಸ್ಥಗಾರರಿಂದ ತೀರ್ಮಾನ) ಮೂಲಕವೇ ಇತ್ಯರ್ಥವಾಗತಕ್ಕದ್ದು ಎಂದು ಸ್ಪಷ್ಟವಾಗಿ ಬರೆದಿದೆ. ಅದನ್ನು ನೆನಪಿಸಿ ಎರಡು ಪತ್ರ ಬರೆದೆವು, ಉತ್ತರ ಬರಲಿಲ್ಲ.

ಅನೇಕ ದೇಶಗಳ ಆರ್ಬಿಟ್ರೇಷನ್ ಕಾನೂನಿಗೆ ಆಧಾರವಾಗಿರುವ ವಿಶ್ವಸಂಸ್ಥೆಯ 1985ರ ಮಾದರಿ ಕಾನೂನಿನ 8ನೆಯ ವಿಧಿಯಂತೆ, ವಿವಾದದ ತಿರುಳಿನ ಬಗ್ಗೆ ಮೊದಲ ಹೇಳಿಕೆ ಸಲ್ಲಿಸುವಷ್ಟರೊಳಗೆ ಕೋರಿದರೆ, ಷರತ್ತು ಊರ್ಜಿತವಾಗಿದ್ದಲ್ಲಿ, ನ್ಯಾಯಾಲಯವು ವಿವಾದವನ್ನು ಆರ್ಬಿಟ್ರೇಷನ್‌ಗೆ ಒಪ್ಪಿಸಬೇಕು. ನನ್ನ ಆತಂಕ ಇರುವುದು ಇಲ್ಲಿಯೇ. ಷರತ್ತಿನ ವಿಷಯ ಗಮನಕ್ಕೆ ಬರುವ ಮೊದಲೇ, ದಾವೆಗೆ ಉತ್ತರ ಸಲ್ಲಿಸಲು ಕಾಲಾವಕಾಶ ಕೋರಿ ನಾವು ಒಂದು ಪುಟದ ಅರ್ಜಿ ಹಾಕಿಬಿಟ್ಟಿದ್ದೇವೆ. ಅದರಲ್ಲಿ ಬಾಕಿಯ ಬಗ್ಗೆ ಒಂದಕ್ಷರವೂ ಇಲ್ಲ. ಆದರೂ ನಾವು ನ್ಯಾಯಾಲಯದ ವಿಚಾರಣೆಗೆ ಒಪ್ಪಿದಂತಾಯಿತು ಎಂದು ಒಬ್ಬ ವಕೀಲರೂ, ಹಾಗೇನಿಲ್ಲ ಎಂದು ಇನ್ನೊಬ್ಬರೂ ಹೇಳುತ್ತಿದ್ದಾರೆ.

ವ್ಯಾಪಾರ ವ್ಯಾಜ್ಯಗಳನ್ನು ನಡೆಸಿದ ಅನುಭವವಿರುವವರು ದಯವಿಟ್ಟು ತಿಳಿಸಿ: ಬರೀ ಕಾಲಾವಕಾಶದ ಅರ್ಜಿಯನ್ನು ‘ಮೊದಲ ಹೇಳಿಕೆ’ ಎಂದು ಪರಿಗಣಿಸುತ್ತಾರೆಯೇ, ಅಥವಾ ಆರ್ಬಿಟ್ರೇಷನ್ ಕೋರುವ ಹಕ್ಕು ನಮಗೆ ಇನ್ನೂ ಉಳಿದಿದೆಯೇ?