ಹೃದಯಬಡಿತದ ಬ್ಯಾಂಡಿಗೆ ಕ್ಯೂಎಫ್‌ಎನ್ ಹಿಡಿಯಲೋ, ಡಬ್ಲ್ಯುಎಲ್‌ಸಿಎಸ್‌ಪಿಯೋ? ಅನುಭವ ಇದ್ದವರು ಹೇಳಿ

ಹೊಸ ಬೋರ್ಡ್: ಕೈಗೆ ಕಟ್ಟುವ ಬ್ಯಾಂಡ್ ಮಾಡುತ್ತಿದ್ದೇವೆ. ಚಿಪ್ ನಾರ್ಡಿಕ್ ಕಂಪನಿಯ ಬ್ಲೂಟೂತ್ ಚಿಪ್ ಎನ್‌ಆರ್‌ಎಫ್52832. 6×6 ಮಿಮೀ ಕ್ಯೂಎಫ್‌ಎನ್‌ನಲ್ಲೂ (ಪ್ಲಾಸ್ಟಿಕ್ ಮೈ, ಅಂಚಿನಲ್ಲಿ ಪಿನ್) ಸಿಗುತ್ತದೆ, 3×3.2 ಮಿಮೀ ಡಬ್ಲ್ಯುಎಲ್‌ಸಿಎಸ್‌ಪಿಯಲ್ಲೂ (ಬರೀ ಸಿಲಿಕಾನ್, ಅಡಿಯಲ್ಲಿ ಬೆಸುಗೆಯ ಪುಟ್ಟ ಬಾಲ್‌ಗಳು) ಸಿಗುತ್ತದೆ. ಮೊದಲ ಲಾಟ್ 500. ಜಾಗವೂ ಬಿಗಿ, ದುಡ್ಡೂ ಬಿಗಿ. ಯಾವುದು ಸರಿ?

ಪೀಣ್ಯ 2ನೇ ಹಂತ: ಡಬ್ಲ್ಯುಎಲ್‌ಸಿಎಸ್‌ಪಿಯಲ್ಲಿ ನಮ್ಮ ದುಡ್ಡು ಎಲ್ಲಿ ಹೋಯಿತು ಅಂತ ಹೇಳುತ್ತೇನೆ, ಕೇಳಿ. ಚಿಪ್ಪಿನಲ್ಲಿ ಅಲ್ಲ, ಬೋರ್ಡಿನಲ್ಲಿ. ಬಾಲ್‌ನಿಂದ ಬಾಲ್‌ಗೆ 0.4 ಮಿಮೀ. ಒಳಸಾಲಿನಿಂದ ಟ್ರೇಸ್ (ತಾಮ್ರದ ಗೆರೆ) ಹೊರಗೆ ತರಲು ಜಾಗವೇ ಇಲ್ಲ, ಹಾಗಾಗಿ ಬಾಲ್ ಕೂರುವ ಪ್ಯಾಡ್ ಒಳಗೇ ಲೇಸರ್ ವಯಾ (ಕೆಳಗಿನ ಲೇಯರ್‌ಗೆ ಇಳಿಯುವ ತೂತು), ಅದಕ್ಕೆ ತಾಮ್ರ ತುಂಬಿಸು, ಮೇಲೆ ಮಟ್ಟ ಮಾಡಿಸು. ಮಾಮೂಲಿ ನಾಲ್ಕು ಲೇಯರ್ ಬೋರ್ಡು 165 ರೂಪಾಯಿಗೆ ಬರುತ್ತಿತ್ತು, ಇದು 610. ಟೂಲಿಂಗ್ 38,000. ಬೆಸುಗೆ ಪೇಸ್ಟ್ ಬಳಿಯುವ ಸ್ಟೆನ್ಸಿಲ್ ತೆಳು ಬೇಕು ಅಂತ 9,500. ಅಡಿಯ ಬೆಸುಗೆ ನೋಡಲು ಎಕ್ಸ್‌ರೇ, ಬೋರ್ಡಿಗೆ 45. ಇದೆಲ್ಲದರ ಮೇಲೆ ಜಿಎಸ್‌ಟಿ. ಕೆಳಗೆ ಬಿದ್ದರೆ ಬಾಲ್ ಬಿರುಕು ಬಿಡುತ್ತದೆ ಅಂತ ಚಿಪ್ ಅಡಿಗೆ ಅಂಡರ್‌ಫಿಲ್ ಅಂಟು ಹಾಕಿಸಿದೆವು, ಅಲ್ಲಿಗೆ ರಿಪೇರಿ ಬಾಗಿಲೂ ಮುಚ್ಚಿತು. ಚಿಪ್ ಕಿತ್ತರೆ ಪ್ಯಾಡೂ ಜೊತೆಗೇ ಎದ್ದು ಬರುತ್ತದೆ.

ಕುಡ್ಲದ ಇಂಜಿನಿಯರ್: ನಾವು ಕಣ್ಣುಮುಚ್ಚಿ ಕ್ಯೂಎಫ್‌ಎನ್, ಇವತ್ತಿಗೂ ಅದೇ. ನಡುವಿನ ದೊಡ್ಡ ಪ್ಯಾಡಿಗೆ ಮಾತ್ರ ಪೂರ್ತಿ ಪೇಸ್ಟ್ ಬಳಿಯಬೇಡಿ. ಚಿಪ್ ತೇಲುತ್ತದೆ, ಅಂಚಿನ ಪಿನ್ ಹಿಡಿಯುವುದಿಲ್ಲ. ಸ್ಟೆನ್ಸಿಲ್‌ನಲ್ಲಿ ಕಿಟಕಿ ಗಾಜಿನ ಹಾಗೆ ಚೌಕ ಚೌಕ ಬಿಡಿಸಿ. ನಮಗೆ ಹೊಡೆತ ಬಿದ್ದಿದ್ದು ತೇವದಿಂದ. ಎಂಎಸ್‌ಎಲ್ ಅಂದರೆ ಚಿಪ್ ತೇವ ತಡೆಯುವ ದರ್ಜೆ; ಎಂಎಸ್‌ಎಲ್ 3 ಅಂದರೆ ಚೀಲ ಒಡೆದ ಮೇಲೆ 168 ಗಂಟೆಯೊಳಗೆ ಬೆಸೆಯಬೇಕು, ಅದೂ 30 ಡಿಗ್ರಿ, 60% ತೇವದೊಳಗೆ. ಜುಲೈನಲ್ಲಿ ಕರಾವಳಿಯಲ್ಲಿ 60% ಎಲ್ಲಿ ಸಿಗುತ್ತದೆ ಸ್ವಾಮಿ? ಜೋಡಿಸುವವರು ಚೀಲ ಒಡೆದು ಹಾಗೇ ಇಟ್ಟಿದ್ದರು. ಬೆಸುಗೆ ಕರಗಿಸುವ ರಿಫ್ಲೋ ಓವನ್‌ನಲ್ಲಿ 245 ಡಿಗ್ರಿ ತಾಗಿದ್ದೇ ಒಳಗಿನ ನೀರು ಆವಿಯಾಗಿ ಪ್ಯಾಕೇಜ್ ಪದರ ಬಿಟ್ಟಿತು. ತೇವ ಓಡಿಸಲು ಮೊದಲೇ 125 ಡಿಗ್ರಿಯಲ್ಲಿ ಬೇಕ್ ಮಾಡೋಣ ಅಂದರೆ ರೀಲಿನ ಪ್ಲಾಸ್ಟಿಕ್ ತಡೆಯುವುದಿಲ್ಲ. 1,12,000 ರೂಪಾಯಿ ಮಾಲು ಹೋಯಿತು, ಅವರು ಒಂದು ಪೈಸೆ ಕೊಡಲಿಲ್ಲ.

ಪೀಣ್ಯ 2ನೇ ಹಂತ: ನೋಡಿ, ಡಬ್ಲ್ಯುಎಲ್‌ಸಿಎಸ್‌ಪಿಗೆ ಆ ತಂಟೆ ಇಲ್ಲ. ಪ್ಲಾಸ್ಟಿಕ್ ಮೈಯೇ ಇಲ್ಲ, ಹೆಚ್ಚಿನವು ಎಂಎಸ್‌ಎಲ್ 1, ಗಂಟೆ ಲೆಕ್ಕವೇ ಇಲ್ಲ. ದುಬಾರಿ ಅಂದೆ, ಕೆಟ್ಟದ್ದು ಅನ್ನಲಿಲ್ಲ.

ಕುಡ್ಲದ ಇಂಜಿನಿಯರ್: ಮೈ ಇಲ್ಲದ್ದೇ ಅದರ ರೋಗ. ಬೆಳಕು ನೇರ ಸಿಲಿಕಾನ್‌ಗೆ ಬೀಳುತ್ತದೆ. 2015ರಲ್ಲಿ ರಾಸ್ಪ್‌ಬೆರಿ ಪೈ 2 ಅನ್ನುವ ಪುಟ್ಟ ಕಂಪ್ಯೂಟರ್, ಯಾರಾದರೂ ಫೋಟೋ ತೆಗೆದರೆ ಕ್ಯಾಮೆರಾದ ಝೆನಾನ್ ಫ್ಲಾಶ್‌ಗೇ ಆಫ್ ಆಗುತ್ತಿತ್ತಲ್ಲ, ಅದಕ್ಕೆ ಕಾರಣ ಇದೇ ಜಾತಿಯ ಪವರ್ ಚಿಪ್. ಹೃದಯಬಡಿತದ ಬ್ಯಾಂಡಿನೊಳಗೆ ಎಲ್‌ಇಡಿ ಪಕ್ಕದಲ್ಲೇ ಇರುತ್ತದೆ ಅಲ್ವಾ? ನಾರ್ಡಿಕ್ ಡೇಟಾಶೀಟ್‌ನಲ್ಲೇ ಬೆಳಕಿನಿಂದ ಮರೆ ಮಾಡಿ ಅಂತ ಬರೆದಿದೆ. ಓದದೆ ವಾದ ಮಾಡಬೇಡಿ.

ಎಸ್.ಪಿ. ರೋಡ್ ಬೆಂಚ್: ಸುಮ್ನೆ ಹೆದರಿಸುತ್ತೀರಿ ಅಣ್ಣ. ಬಾಲ್ ಹೋದರೆ ರೀಬಾಲ್ ಮಾಡುತ್ತೇವೆ, ಅಂದರೆ ಹಳೇ ಬಾಲ್ ತೆಗೆದು ಹೊಸದು ಕೂರಿಸುತ್ತೇವೆ. ಕೆಟ್ಟು ಬಂದ ಎಕ್ಸ್‌ಬಾಕ್ಸ್ 360 ಗೇಮ್ ಪೆಟ್ಟಿಗೆಗಳು ಎಷ್ಟೋ ಎದ್ದು ಕೂತಿವೆ ನಮ್ಮ ಕೈಯಲ್ಲಿ. ಒಂದಕ್ಕೆ 1,800 ತಗೊಳ್ತಿದ್ದೆ, ಸ್ಟೆನ್ಸಿಲ್, ಫ್ಲಕ್ಸ್ ಎಲ್ಲ ಸೇರಿ.

ಕುಡ್ಲದ ಇಂಜಿನಿಯರ್: ಎಷ್ಟು ತಿಂಗಳು ಬಾಳಿದವು, ಅದನ್ನು ಹೇಳಿ. ಬಿರುಕು ಬೋರ್ಡಿನ ಬಾಲ್‌ನಲ್ಲಿ ಇರಲಿಲ್ಲ, ಗ್ರಾಫಿಕ್ಸ್ ಚಿಪ್ಪಿನ ಪ್ಯಾಕೇಜ್ ಒಳಗಿತ್ತು. ಕಾಯಿಸಿದಾಗ ಸ್ವಲ್ಪ ದಿನ ಮತ್ತೆ ತಾಗಿಕೊಳ್ಳುತ್ತದೆ, ಅಷ್ಟೇ. ಬರೀ ರೀಬಾಲ್‌ನಲ್ಲಿ ಮುಗಿಯುವಂತಿದ್ದರೆ 2007ರಲ್ಲಿ ಅದನ್ನು ಮಾರುತ್ತಿದ್ದ ಮೈಕ್ರೋಸಾಫ್ಟ್ 100 ಕೋಟಿ ಡಾಲರ್‌ಗಿಂತ ಜಾಸ್ತಿ ಎತ್ತಿಟ್ಟು, ವಾರಂಟಿಯನ್ನು 3 ವರ್ಷಕ್ಕೆ ಯಾಕೆ ಏರಿಸುತ್ತಿತ್ತು? ಗಿರಾಕಿಯಿಂದ 1,800 ತೆಗೆದುಕೊಂಡಿದ್ದು ನ್ಯಾಯವಾ?

ಎಸ್.ಪಿ. ರೋಡ್ ಬೆಂಚ್: ಗಿರಾಕಿಗೆ ಮೊದಲೇ ಹೇಳಿಯೇ ಕೈ ಹಾಕುತ್ತಿದ್ದೆ, ಗ್ಯಾರಂಟಿ ಇಲ್ಲ ಅಂತ. ನನ್ನ ಬೆಂಚಿಗೆ ಬಂದು ನೋಡದೆ ನ್ಯಾಯ ಹೇಳಬೇಡಿ. ಹತ್ತು ಸಾವಿರದ ಪೆಟ್ಟಿಗೆ ಕಸಕ್ಕೆ ಹಾಕು ಅಂತ ಹೇಳಲು ನಿಮಗೆ ಸುಲಭ.

ಮೈಸೂರು ಮಿತ್ರ: ಎಲ್ಲಕ್ಕೂ ಮೂಲ ಒಂದೇ, ಚಿಪ್ ಪ್ಯಾಕೇಜಿಂಗ್ ನಮ್ಮ ಕಡೆ ಬೆಳೆಯಲಿಲ್ಲ. ನಮ್ಮೂರಿನ ಕೇನ್ಸ್ ಕಂಪನಿ ಕೂಡ 3,300 ಕೋಟಿಯ ಪ್ಯಾಕೇಜಿಂಗ್ ಘಟಕವನ್ನು ಗುಜರಾತಿನ ಸಾನಂದ್‌ಗೆ ತೆಗೆದುಕೊಂಡು ಹೋಯಿತು. ಇದು ಇಲ್ಲೇ ಆಗಬೇಕಿತ್ತು. ಹೊಟ್ಟೆ ಉರಿಯುತ್ತದೆ.

ಪೀಣ್ಯ 2ನೇ ಹಂತ: ಅದು ಮೈಸೂರಿಗೇ ಬಂದಿದ್ದರೂ ನನ್ನ 610 ರೂಪಾಯಿ 165 ಆಗುತ್ತಿರಲಿಲ್ಲ. ಅಲ್ಲಿ ಚಿಪ್ಪಿಗೆ ಮೈ ಕಟ್ಟುತ್ತಾರೆ. ನನಗೆ ಬೇಕಿರುವುದು ಲೇಸರ್ ವಯಾ ಹೊಡೆದು, 500 ಬೋರ್ಡಿಗೂ ಮುಖ ತಿರುಗಿಸದೆ ರೇಟು ಹೇಳುವ ಬೋರ್ಡ್ ಫ್ಯಾಕ್ಟರಿ. ಅಂಥವರು ಗೊತ್ತಿದ್ದರೆ ಇಲ್ಲೇ ಹಾಕಿ.